ಮಾವನ ನಾಲ್ಕು ಲೀಟರ್ ಹಾಲು

ನಮ್ಮ ಸೋದರಮಾವನಿಗೆ ಹಾಲು ಆಗಿಬರುವುದಿಲ್ಲ. ಅರ್ಧ ಲೋಟ ಕುಡಿದರೂ ಹೊಟ್ಟೆ ಕೈಕೊಡುತ್ತದೆ, ಕಾಫಿಯೂ ಕಪ್ಪು. ಆದರೂ ತ್ಯಾಗರಾಜನಗರದ ಅವರ ಮನೆಗೆ ದಿನಾ ನಾಲ್ಕು ಲೀಟರ್ ಹಾಲು ಬರುತ್ತದೆ. ಮನೆಯಲ್ಲಿರುವುದು ಮಾವ, ಅತ್ತೆ, ಮಗಳು, ಅಷ್ಟೇ. ಯಾವ ಅರ್ಥಶಾಸ್ತ್ರಜ್ಞ ಇದನ್ನು ವಿವರಿಸಬಲ್ಲ? ಮಾವ ವಿವರಿಸುತ್ತಾರೆ, ಅದೇ ತೊಂದರೆ.

ಊರಿನ ಹಾಲು ಸಹಕಾರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದವರು ಅವರು. ನನ್ನ ಲಗ್ನಪತ್ರಿಕೆ ಮಾಡಿಸಲು ಅವರನ್ನೂ ಕರೆದುಕೊಂಡು ಸುಲ್ತಾನ್‌ಪೇಟೆಗೆ ಹೋದಾಗ ಅಂಗಡಿಯವನು, ಪಾಪ, "ಟೀ ತಗೊಳ್ಳಿ ಸಾರ್" ಎಂದುಬಿಟ್ಟ. ಮುಗಿಯಿತು ಕಥೆ!

"ಈ ಟೀಗೆ ಹಾಲು ಹೇಗ್ ಬಂತು ಗೊತ್ತೇನ್ರೀ? ಬೇಸಿಗೇಲಿ ದಲ್ಲಾಳಿ ಹಾಲಿಗೆ ಕೈಮುಗೀತಿದ್ದ. ಮಳೆ ಬಿದ್ದು ಮೇವು ಚಿಗುರಿ ಹಾಲು ಜಾಸ್ತಿ ಆಯ್ತೋ, ಬೇಡ ಅಂತ ವಾಪಸ್ ಕಳಿಸ್ತಿದ್ದ. ಸಂಘ ಬಂದ್ಮೇಲೆ ವಾಪಸ್ ಅನ್ನೋ ಮಾತೇ ಇಲ್ಲ. ಒಂದು ಹಸುವಿನವರದೂ ಹತ್ತು ಹಸುವಿನವರದೂ ಒಂದೇ ಕ್ಯಾನಿಗೆ..."

ಉಳಿದ ಹಾಲನ್ನು ಪುಡಿ ಮಾಡುವ ಅಧ್ಯಾಯಕ್ಕೆ ಬರುವಷ್ಟರಲ್ಲಿ ಟೀ ಕೆನೆಗಟ್ಟಿತ್ತು. ನಾವು ಕೇಳದೆಯೇ ಅಂಗಡಿಯವನು ಪತ್ರಿಕೆಯ ರೇಟು ಇಳಿಸಿದ.

ಮಗಳು ಒಮ್ಮೆ ಓಟ್ಸ್ ಹಾಲು ತಂದಳು. ಮಾವ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಓಟ್ಸನ್ನ ಬೆಳಗ್ಗೆ ಕರೀತಾರೋ, ಸಂಜೆನೋ?"

ಅನುಭವಿಸುತ್ತಿದ್ದದ್ದು ಮಾತ್ರ ಅತ್ತೆ. ಹೆಪ್ಪು ಹಾಕಿ, ಕೋವಾ ಕಾಯಿಸಿ, ಹಾಲು ಒಡೆಸಿ ಪನೀರ್ ಮಾಡಿ, ಬೀದಿಗೆಲ್ಲ ಹಂಚಿ ಸುಸ್ತು. ಅವರು ಸ್ಟೀಲ್ ಡಬ್ಬಿ ಹಿಡಿದು ಹೊರಟರೆ ಪಕ್ಕದ ಮನೆಯವರು ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಒಂದು ಲೀಟರ್ ಮಾಡ್ರೀ, ಸಾಕು" ಎಂದು ಅತ್ತೆ ವರ್ಷಗಟ್ಟಲೆ ಜಗಳವಾಡಿದರು.

"ನಾವು ಬೇಡ ಅಂದ್ರೆ ಅಲ್ಲಿ ಹಸು ರಜ ಹಾಕುತ್ತಾ?" ಎಂಬುದು ಮಾವನ ಒಂದೇ ಉತ್ತರ.

ಕಳೆದ ತಿಂಗಳು ಮಾವ ಮಂಡಿ ಆಪರೇಷನ್ನಿಗೆ ಆಸ್ಪತ್ರೆ ಸೇರಿದರು, ಬೂತಿನಿಂದ ಹಾಲು ತರುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಗೆ ಕೊನೆಗೂ ಸ್ವರಾಜ್ಯ ಬಂತೆಂದು ನಾನೇ ಖುಷಿಪಟ್ಟೆ. "ಇವತ್ತಿಂದ ಒಂದೇ ಲೀಟರ್ ತರ್ಲಾ ಅತ್ತೆ?" ಎಂದೆ.

"ನಾಲ್ಕೇ ತಗೊಂಡ್ ಬಾ."

"ಅಯ್ಯೋ, ಅವರಿಗೇನ್ ಗೊತ್ತಾಗುತ್ತೆ?"

ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು.

"ದಲ್ಲಾಳಿ ಹಾಲು ವಾಪಸ್ ಕಳಿಸ್ತಿದ್ದ ಅಂತ ಹೇಳ್ತಾರಲ್ಲ, ಒಂದಿನ ಆ ಹಾಲು ಹೊತ್ಕೊಂಡು ಸಂಘದ ಮುಂದೆ ಬಂದು ನಿಂತಿದ್ದವಳು ನಾನು. ನಮಗಿದ್ದದ್ದು ಒಂದೇ ಹಸು. ಅಪ್ಪ ಸಂಘದ ಮೆಂಬರ್ ಕೂಡ ಅಲ್ಲ. ಅಳತೆ ಮುಗಿದು ಬೀಗ ಹಾಕಿ ಆಗಿತ್ತು. ಮನೆಗೆ ಏನಂತ ಹೋಗ್ಲಿ ಅಂತ ಅಳ್ತಾ ಇದ್ದೆ." ಸೆರಗಿನಿಂದ ಕೈ ಒರೆಸಿಕೊಂಡರು. "ನಿಮ್ಮ ಮಾವ ಏನೂ ಕೇಳ್ಲಿಲ್ಲ. ಬೀಗ ತೆಗೆದ್ರು."

ನಾನು ಚೀಲ ತೆಗೆದುಕೊಂಡು ಹೊರಟೆ. ಬೂತಿನಲ್ಲಿ "ನಾಲ್ಕು ಲೀಟರ್" ಎಂದದ್ದು ಹಾಲಿನವನಿಗೆ ಕೇಳಿಸಲೇ ಇಲ್ಲ, ಇನ್ನೊಮ್ಮೆ ಹೇಳಬೇಕಾಯಿತು.