ಮಲಬಾ ಎಂದವರ ಮೇಲೆ ಒಂದು ಕಣ್ಣು

ಯಾರಾದರೂ ಒಂದು ವಸ್ತುವನ್ನು ‘ಹಾಳಾಗಿದೆ’ ಎಂದರೆ ನಾನು ಮೊದಲು ನೋಡುವುದು ಆ ವಸ್ತುವನ್ನಲ್ಲ, ಅಂದವರನ್ನು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿ ಇಷ್ಟು ವರ್ಷ ಕಳೆದ ಮೇಲೆ ಬಂದ ಅಭ್ಯಾಸ ಇದು. ಅದನ್ನು ಬಿಡೋಣವೆಂದರೆ ಬಿಡದ ಹಾಗೆ ಏನಾದರೂ ನಡೆಯುತ್ತಲೇ ಇರುತ್ತದೆ.

ನಾನು ಓದಿದ ಕಾನ್ವೆಂಟಿನಲ್ಲಿ ಮುರಿದ ವಸ್ತುವಿಗೆ ‘ಮುರಿದಿದೆ’ ಎಂದಷ್ಟೇ ಹೇಳಬೇಕಿತ್ತು. ಎಲ್ಲಿ, ಎಷ್ಟು ಎಂದೂ ಹೇಳಬೇಕಿತ್ತು. ಚಿತ್ತಾಪುರಕ್ಕೂ ವಾಡಿಗೂ ನಡುವಿನ ಈ ಊರಿನಲ್ಲಿ ಅಷ್ಟಕ್ಕೆ ಯಾರಿಗೂ ತೃಪ್ತಿಯಿಲ್ಲ. ಹಾಳು, ಬರಬಾದ್, ಸತ್ಯಾನಾಸ್, ಕಚರಾ. ಬಿದ್ದ ಕಟ್ಟಡದ ಕಲ್ಲುಮಣ್ಣಿಗೆ ಮಲಬಾ.

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಊಟದ ಕೋಣೆಯ ಗೋಡೆ ಬಿತ್ತು. ಹಿತ್ತಲಲ್ಲಿ ಹೊಸ ಕೋಣೆ ಎದ್ದಿತು, ಆದರೆ ನೆಲಕ್ಕೆ ಮಂಜೂರಾತಿ ಬರಲಿಲ್ಲ. ಹಳೆಯ ನೆಲದ ಹಾಸುಗಲ್ಲುಗಳು, ಶಹಾಬಾದ್ ಫರ್ಶಿಗಳು, ಮಾತ್ರ ಒಂದೂ ಸೀಳಿರಲಿಲ್ಲ. ಅವನ್ನು ಎಬ್ಬಿಸಿ ಗೇಟಿನ ಬಳಿ ಪೇರಿಸಿ ಇಡಿಸಿದೆ. ಶಾಲೆ ತೆರೆಯುವುದರೊಳಗೆ ಅವು ಹೊಸ ಕೋಣೆ ಸೇರಿದರೆ ನಲವತ್ತು ಹುಡುಗಿಯರು ಕಲ್ಲಿನ ಮೇಲೆ ಕೂತು ಉಣ್ಣುತ್ತಾರೆ, ಇಲ್ಲದಿದ್ದರೆ ಹಸಿ ಮಣ್ಣಿನ ಮೇಲೆ. ಕಲ್ಲು ಕೂರಿಸುವ ಗೌಂಡಿ ಬಿಡುವಾಗುವ ತನಕ ಕಾಯುವ ಕೆಲಸ ನನ್ನದು.

೧. ಉಪಕಾರ

ಮೊದಲು ಕಣ್ಣು ಹಾಕಿದವರು ಸುಲೇಪೇಟ ಕಡೆಯ ಒಬ್ಬ ಗೃಹಸ್ಥರು. ಮಗಳಿಗೆ ಸೀಟು ಕೇಳಲು ಬಂದಿದ್ದರು. ಸೀಟಿನ ಮಾತು ಮುಗಿದರೂ ಎದ್ದು ಹೋಗಲಿಲ್ಲ. ಗೇಟಿನ ಬಳಿ ಇಷ್ಟೊಂದು ಮಲಬಾ ಬಿದ್ದರೆ ಹಾವು ಚೇಳು ಸೇರುತ್ತವೆ, ನಾಳೆಯೇ ಆಳು ಕಳಿಸಿ ಎತ್ತಿಸುತ್ತೇನೆ, ನಿಮಗೆ ಅಷ್ಟೂ ಉಪಕಾರ ಮಾಡದಿದ್ದರೆ ಹೇಗೆ ಎಂದರು. ಇಷ್ಟು ಉಪಕಾರಬುದ್ಧಿ ನನಗೆ ಸರಿಬರಲಿಲ್ಲ. ಈ ಮಲಬಾ ಒಯ್ದು ಏನು ಮಾಡುತ್ತೀರಿ ಎಂದು ಕೇಳಿದೆ. ಎಲ್ಲಾದರೂ ತಗ್ಗಿಗೆ ಚೆಲ್ಲುವುದು ಎಂದರು.

ಅಷ್ಟು ಹೊತ್ತು ಸುಮ್ಮನೆ ಕಲ್ಲುಗಳ ಸುತ್ತ ತಿರುಗುತ್ತಿದ್ದ ಮಗಳು ಬಂದು ಹೇಳಿದಳು: “ಅಪ್ಪಾ, ಪಡಸಾಲಿಗಿ ಸಾಲ್ತಾವ. ದೇವರ ಮನಿಗಿ ಎರಡು ಕಮ್ಮಿ ಬೀಳ್ತಾವ.”

ಹುಡುಗಿಗೆ ಅಲ್ಲಿಯೇ ಸೀಟು ಕೊಟ್ಟೆ. ಅಪ್ಪನಿಗೆ, ಭೇಟಿಗೆ ಬಂದಾಗ ಗೇಟಿನ ಹೊರಗೆ ಕೂರಬೇಕೆಂದು ತಿಳಿಸಿದೆ.

೨. ಏಳನೆಯ ಸಾಲು

ಬಳಿಕ ಮೇಲಿನ ಕಚೇರಿಯಿಂದ ಒಬ್ಬ ಗುಮಾಸ್ತರು ಬಂದರು. ಕಚೇರಿಯವರು ಹಾಳು ಎನ್ನುವುದಿಲ್ಲ, ‘ನಿರುಪಯುಕ್ತ’ ಎನ್ನುತ್ತಾರೆ. ಗೋಡೆ ಬಿದ್ದ ಕೋಣೆಯಲ್ಲಿದ್ದ ವಸ್ತುಗಳ ಪಟ್ಟಿ ಮಾಡಬೇಕಿತ್ತಂತೆ. ಬಾಗಿಲು, ಕಿಟಕಿ, ರುಬ್ಬುವ ಕಲ್ಲು ಎಂದು ಬರೆಯುತ್ತ ಹೋದರು. ಅವರ ಪೆನ್ನು ಫರ್ಶಿಯ ಕಡೆ ತಿರುಗಬಾರದೆಂದು ನಾನು ಕೊನೆಯ ತನಕ ಅವುಗಳ ಮುಂದೆಯೇ ನಿಂತಿದ್ದೆ. ಆರು ವಸ್ತುಗಳಾದವು, ಫರ್ಶಿ ಪಟ್ಟಿಗೆ ಸೇರಲಿಲ್ಲ. ಸಹಿ ಎಲ್ಲಿ ಮಾಡಲಿ ಎಂದೆ. ಹಾಳೆಯ ಬುಡದಲ್ಲಿ ಜಾಗವಿಲ್ಲ, ಏಳನೆಯ ಸಾಲು ಖಾಲಿ ಇದೆ, ಹೆಸರು ಬರೆದು ಕೆಲಸಕ್ಕೆ ಸೇರಿದ ಇಸವಿ ಹಾಕಿ ಎಂದರು. ನಾನು ಅಂದವಾಗಿ ಬರೆದೆ.

ತಿಂಗಳಾದ ಮೇಲೆ ಆದೇಶ ಬಂತು. ಪಟ್ಟಿಯಲ್ಲಿರುವ ಏಳೂ ವಸ್ತುಗಳು ಬಹಳ ಹಳೆಯವಾಗಿದ್ದು ದುರಸ್ತಿಗೆ ಯೋಗ್ಯವಲ್ಲವಾದ್ದರಿಂದ, ಮೇಟ್ರನ್ ಅವರು ಖುದ್ದಾಗಿ ನಿಂತು ವಿಲೇವಾರಿ ಮಾಡತಕ್ಕದ್ದು.

೩. ದೃಷ್ಟಿ

ನಮ್ಮ ಅಡುಗೆಯ ಆಯಿ ಗುಂಡಗುರ್ತಿಯವರು. ‘ಹಾಳಾದ’ ಎಂಬ ಮಾತಿಲ್ಲದೆ ಒಲೆಯನ್ನೂ ಹಚ್ಚುವುದಿಲ್ಲ. ಅವರನ್ನು ತಿದ್ದುವ ನನ್ನ ಪ್ರಯತ್ನಕ್ಕೆ ಹನ್ನೊಂದು ವರ್ಷ. ಆದರೆ ಕಲ್ಲಿನ ವಿಷಯದಲ್ಲಿ ಅವರೇ ನನ್ನನ್ನು ತಿದ್ದಿದರು. ನಾನು ಹೋಗಿ ಬರುವವರಿಗೆಲ್ಲ ‘ಒಳ್ಳೆಯ ಫರ್ಶಿ, ಮುಟ್ಟಬೇಡಿ’ ಎನ್ನುತ್ತಿದ್ದೇನಲ್ಲ, ಅದೇ ತಪ್ಪಂತೆ.

“ಚಲೋದಕ್ಕ ಚಲೋ ಅನಬ್ಯಾಡ್ರಿ ಅಕ್ಕಾವ್ರೇ, ಮಂದಿ ಕಣ್ಣು ಬೀಳ್ತದ. ಕೂಸು ಉಳೀಲಿ ಅಂತ ತಿಪ್ಪವ್ವ, ಕಸವ್ವ ಅಂತ ಹೆಸರು ಇಡ್ತೀವಿಲ್ಲ? ಇವಕ್ಕೂ ಹಂಗೇ ಒಂದು ಹೆಸರಿಡ್ರಿ.”

ದೃಷ್ಟಿಯನ್ನು ನಾನು ನಂಬುವುದಿಲ್ಲ. ಕಣ್ಣು ಹಾಕುವವರನ್ನು ನಂಬುತ್ತೇನೆ. ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಮಲಬಾ’ ಎಂದು ಬರೆದು, ಕೆಳಗೆ ಗೆರೆ ಎಳೆದು, ಕಲ್ಲುಗಳಿಗೆ ಕಟ್ಟಿದೆ. ಆಯಿ ದೂರದಿಂದ ನೋಡಿ, ಅಕ್ಷರ ಇಷ್ಟು ಚಂದ ಇದ್ದರೆ ಯಾರು ನಂಬುತ್ತಾರೆ ಎಂದರು.

೪. ಮೆರವಣಿಗೆ

ನಂಬುವವರು ಇದ್ದರು. ಮರುದಿನ ನಾನು ಸೇಡಂನಲ್ಲಿ ಮೀಟಿಂಗಿಗೆ ಹೋಗಿದ್ದಾಗ ಊರಿನ ಕಸದ ಟ್ರ್ಯಾಕ್ಟರ್ ಬಂದು, ರಟ್ಟು ಓದಿ, ಒಂದೂ ಬಿಡದೆ ಕಲ್ಲುಗಳನ್ನು ಒಯ್ದಿತ್ತು. ಶಾಲೆ ತೆರೆಯಲು ನಾಲ್ಕು ದಿನ. ಆಟೋ ಹಿಡಿದು ವಾಡಿ ರಸ್ತೆಯ ಕಸದ ಗುಂಡಿಗೆ ಹೋದೆ. ಫರ್ಶಿಗಳನ್ನು ಇಳಿಸಿಯಾಗಿತ್ತು. ಅವುಗಳ ಮೇಲೆ ಚಿಂದಿ ಆಯುವ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಳು. ಡ್ರೈವರ್ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ.

ಕಲ್ಲು ನನ್ನವು ಎಂದೆ. ಇವು ಏನು ಎಂದು ಕೇಳಿದಳು. ಹುಷಾರಾಗಿರಬೇಕೆಂದು, ಏನಿಲ್ಲ, ಬರೀ ಮಲಬಾ ಎಂದೆ. ಅವಳು ನನ್ನ ಇಸ್ತ್ರಿ ಮಾಡಿದ ಸೀರೆಯನ್ನು, ಕಾಯುತ್ತಿದ್ದ ಆಟೋವನ್ನು ನೋಡಿದಳು.

“ಮಲಬಾ ಆದ್ರ ನೀವು ಯಾಕ ಬೆನ್ನು ಹತ್ತಿ ಬಂದೀರ್ರಿ? ಇದರಾಗ ಏನೋ ಅದ. ನಾ ಏಳಂಗಿಲ್ಲ.”

ಬೇರೆ ದಾರಿಯಿರಲಿಲ್ಲ. ನಿಜ ಹೇಳಿದೆ: ಒಳ್ಳೆಯ ಫರ್ಶಿ, ನಲವತ್ತು ಹುಡುಗಿಯರು ಕೂತು ಉಣ್ಣುವ ನೆಲದ ಕಲ್ಲು. ಹೆಂಗಸು ತಟ್ಟನೆ ಎದ್ದಳು, ಮೊದಲೇ ಹೇಳಬಾರದಿತ್ತೇ ಎಂದು ಬೈದು ತಾನೂ ಎತ್ತಲು ಬಂದಳು. ಈಗ ಡ್ರೈವರ್ ಹಿಂದೆ ಸರಿದ. ಮಲಬಾ ಆಗಿದ್ದರೆ ಎಲ್ಲಿಗಾದರೂ ಒಯ್ಯುತ್ತಿದ್ದನಂತೆ. ಒಳ್ಳೆಯ ಮಾಲನ್ನು ಕಸದ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರೆ ಕಳವು ಮಾಡಿದ್ದು ಎನ್ನುತ್ತಾರೆ. ಮಾಲಿನ ಒಡೆಯರು ಎಲ್ಲರಿಗೂ ಕಾಣುವ ಹಾಗೆ ಮೇಲೆ ಕೂತರೆ ಮಾತ್ರ ಒಯ್ಯುತ್ತೇನೆ ಎಂದ. ಆಟೋದಲ್ಲಿ ಮುಂದೆ ಹೋಗುತ್ತೇನೆ ಎಂದೆ. ಒಪ್ಪಲಿಲ್ಲ. ನಾನು ಇಲ್ಲದಾಗ ಈ ಕಲ್ಲು ಒಮ್ಮೆ ಹೋಗಿಯಾಗಿತ್ತು. ಇವನ ಮೇಲೂ ನನಗೆ ನಂಬಿಕೆ ಇರಲಿಲ್ಲ. ಹತ್ತಿದೆ.

ಇವತ್ತು ನಲವತ್ತು ಹುಡುಗಿಯರೂ ಆ ಫರ್ಶಿಯ ಮೇಲೆ ಸಾಲಾಗಿ ಕೂತು ಉಣ್ಣುತ್ತಾರೆ. ಅದಕ್ಕಾಗಿ ನಾನು ಕಸದ ಟ್ರಾಲಿಯಲ್ಲಿ, ಕಲ್ಲುಗಳ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸಂತೆಯ ನಡುವೆ ಹಾದು ಬಂದೆ. ಬಸ್ ಸ್ಟ್ಯಾಂಡಿನ ಬಳಿ ಪೊಲೀಸಿನವರು ಕೈ ಅಡ್ಡ ಹಿಡಿದು, ಟ್ರಾಲಿಯಲ್ಲಿರುವುದು ಏನು, ಮಲಬಾನೋ ಮಾಲೋ ಎಂದು ಕೇಳಿದರು.

ಡ್ರೈವರ್ ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

“ಕೆಳಗಿಂದು ಚಲೋ ಮಾಲ್ರಿ ಸಾಹೇಬ್ರ. ಮ್ಯಾಲಿಂದ್ರ ಬಗ್ಗೆ ನಾ ಏನೂ ಅನ್ನಂಗಿಲ್ಲ, ಅವ್ರಿಗಿ ಕೇಳಸ್ತದ.”