ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು

ನಮ್ಮ ಸೋದರಮಾವ ಕಳ್ಳ. ಅಮ್ಮನ ತಮ್ಮನನ್ನು ಹೀಗೆಲ್ಲ ಅನ್ನಬಾರದು, ಗೊತ್ತು. ಆದರೆ ನಮ್ಮ ದೊಡ್ಡೇರಿ ಮನೆಯಲ್ಲಿ ಹಳೆಯ ಕಾಗದಗಳನ್ನು ಚುಚ್ಚಿಟ್ಟ ತಂತಿಯಿಂದ, ನಾನು ಹುಟ್ಟಿದ ಸುದ್ದಿ ಹೊತ್ತು ಮಧುಗಿರಿಯ ತಾತನ ಮನೆಯಿಂದ ಬಂದಿದ್ದ ಕಾರ್ಡನ್ನೇ ಎಗರಿಸಿಕೊಂಡು ಹೋದವರನ್ನು ಇನ್ನೇನೆನ್ನಲಿ?

ಈ ಮಹಾನುಭಾವರಿಗೆ ಹಳೆಯ ಅಂಚೆ ಕಾರ್ಡುಗಳ ಹುಚ್ಚು. ಅದೂ ಸಿಕ್ಕಿದ್ದೆಲ್ಲ ಆಗುವುದಿಲ್ಲ. ಶುಭ ಸುದ್ದಿಯೆಂದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದವೇ ಬೇಕು. ಯಾರದೋ ಮದುವೆ, ಯಾರದೋ ಮಗು, ಸಂಭ್ರಮ ಇವರಿಗೆ! ಒಮ್ಮೆ ಗೊರವನಹಳ್ಳಿ ದೇವಸ್ಥಾನದ ಸಾಲಿನಲ್ಲಿ ಅತ್ತೆಯನ್ನು ನಿಲ್ಲಿಸಿ, ಇವರು ಹಿಂದಿನ ಬೀದಿಯಲ್ಲಿ ಯಾರದೋ ಅಟ್ಟ ಹತ್ತಿದರು. ಅತ್ತೆ ದರ್ಶನ ಮುಗಿಸಿ, ಕಾದು ಕಾದು, ಒಬ್ಬರೇ ಬಸ್ಸು ಹತ್ತಿ ಬಂದರು. ಸಂಜೆ ಮಾವ ಬಂದು, ಎರಡು ಕಾರ್ಡು ಸಿಕ್ಕಿದವು ಎಂದರಂತೆ. ಅತ್ತೆ ಮೂರು ದಿನ ಮಾತು ಬಿಟ್ಟರು. ಮಾವನಿಗೆ ಅದು ಗೊತ್ತೇ ಆಗಲಿಲ್ಲ.

ಇನ್ನು ನಿಯಮಗಳೋ! ಕಾರ್ಡನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಹತ್ತಿರ ಕಾಫಿ ಲೋಟ ತರುವಂತಿಲ್ಲ. ಶಿರಾದ ಗುಜರಿ ಅಂಗಡಿಯ ಸಾಹೇಬರು ಇವರಿಗೆಂದೇ ಒಂದು ಕಾರ್ಡು ಎತ್ತಿಟ್ಟು, ಬಣ್ಣ ಮಾಸಿದೆಯಲ್ಲ ಎಂದು ಪ್ರೀತಿಯಿಂದ ಒಂಚೂರು ಅರಿಶಿನ ಬಳಿದಿದ್ದರು. ಮಾವ ಮೂಸಿ ನೋಡಿ, ಹಳೆಯ ಕಾರ್ಡನ್ನು ಕೊಂದುಬಿಟ್ಟಿರಿ ಎಂದು ಕೂಗಾಡಿ ಎದ್ದು ಬಂದರು. ಪಾಪ, ಸಾಹೇಬರು ಚಹಾ ಬೇರೆ ತರಿಸಿದ್ದರು.

ಇಂಥವರ ಮನೆಗೆ ಮೊನ್ನೆ ಜಗಳಕ್ಕೆಂದೇ ಹೋದೆ. ನನ್ನ ಕಾರ್ಡು ನನಗೆ ಬೇಕು ಎಂದು ಆಲ್ಬಮ್ ಕಿತ್ತುಕೊಂಡೆ. ಕೊನೆಯ ಹಾಳೆಯಲ್ಲಿ ಸಿಕ್ಕಿತು. ತಾತನ ಅಕ್ಷರ: ಹೆಣ್ಣು ಮಗು, ಇಬ್ಬರೂ ಕ್ಷೇಮ. ನಾಲ್ಕು ಮೂಲೆಗೂ ಹೊಚ್ಚ ಹೊಸ ಅರಿಶಿನ! ಮುಟ್ಟಿದರೆ ಬೆರಳಿಗೆ ಹತ್ತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಸಾಹೇಬರಿಗೊಂದು ನ್ಯಾಯ, ನಿಮಗೊಂದು ನ್ಯಾಯವೇ ಎಂದು ರೇಗಿದೆ.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ಕೂತರು.

"ಮೂರನೇದೂ ಹೆಣ್ಣೇ ಅಂತ ನಿಮ್ ತಾತಂಗೆ ಸಿಟ್ಟು ಕಣಮ್ಮ. ಅರಿಶಿನ ಏನೂ ಬ್ಯಾಡ, ಅಂಗೇ ಡಬ್ಬಕ್ಕೆ ಹಾಕ್ಬುಡು ಅಂತ ಕೊಟ್ರು. ನಾನೇ ಅಡುಗೆ ಮನೇಗೋಗಿ ಹಚ್ಕಂಡು ಹಾಕ್ದೆ. ಹೋದ್ಸಲ ನಿಮ್ಮನೇಲಿ ನೋಡುದ್ರೆ ಎಲ್ಲಾ ಬಿಳುಚ್ಕಂಡಿತ್ತು. ಅಂಗೇ ಹೆಂಗೆ ಬುಟ್ ಬರ್ಲಿ?"

ನನಗೆ ಅಳು ಬಂತು. ಕಾರ್ಡನ್ನು ಅದರ ಹಾಳೆಗೇ ಸೇರಿಸಿ, ಅತ್ತೆ ತಂದ ಕಾಫಿ ಲೋಟವನ್ನು ನಾನೇ ದೂರ ಸರಿಸಿದೆ. ನಾನು ಹುಟ್ಟಿದ್ದು ಶುಭ ಸುದ್ದಿಯೆಂದು ಆವತ್ತು ಆ ಮನೆಯಲ್ಲಿ, ನಮ್ಮಮ್ಮನನ್ನು ಬಿಟ್ಟರೆ, ಅನ್ನಿಸಿದ್ದು ಈ ಕಳ್ಳ ಮಾವನಿಗೆ ಮಾತ್ರ.