ಹಿರಿತನಕ್ಕೆ ತಕ್ಕ ಬ್ರೌಸರ್

ನಮ್ಮ ನಾರಿನ್ ಊರಿನಲ್ಲಿ ಕುರಿ ಕೊಯ್ದರೆ ಮಾಂಸದ ಮೂಳೆ ಹಂಚುವುದಕ್ಕೊಂದು ಶಾಸ್ತ್ರವಿದೆ: ಹಿರಿಯರಿಗೆ ದೊಡ್ಡದು, ಕಿರಿಯರಿಗೆ ಚಿಕ್ಕದು. ಇದರಲ್ಲಿ ನಾನು ಎಂದೂ ತಪ್ಪಿದವನಲ್ಲ. ಹಾಗಾಗಿ ಮನೆಯ ಮೂರು ಫೋನುಗಳಿಗೆ ಹೊಸ ಬ್ರೌಸರ್ ಹಾಕುವ ಮಹತ್ಕಾರ್ಯ ಕೈಗೆತ್ತಿಕೊಂಡಾಗಲೂ ಅದೇ ಶಾಸ್ತ್ರ ಹಿಡಿದೆ. ಅತ್ತೆಯವರಿಗೆ ಎಲ್ಲಕ್ಕಿಂತ ಭಾರದ, ಸಕಲಾಭರಣಭೂಷಿತ ಬ್ರೌಸರ್. ನನಗೆ ಮಧ್ಯಮ ಗಾತ್ರದ್ದು. ಹೆಂಡತಿ ಬೂರುಲ್‌ಗೆ ಪುಟಾಣಿಯದು. (ಅವಳ ಫೋನು ಹೋದ ತಿಂಗಳಷ್ಟೇ ಕೊಂಡದ್ದು, ಅತ್ತೆಯವರದ್ದು ಒಂಬತ್ತು ವರ್ಷ ಹಳೆಯದು ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ.)

ಅತ್ತೆಯವರು ಹಳ್ಳಿಯಿಂದ ಬಂದದ್ದು ಕಣ್ಣಿನ ಪೊರೆ ತೆಗೆಸಲಿಕ್ಕೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ವೆಬ್‌ಸೈಟು ತೆರೆಯುತ್ತದೆ. ರೋಗಿಯ ಫೋನಿನಿಂದಲೇ ಆಪರೇಷನ್ನಿಗೆ ದಿನ ಹಿಡಿಯಬೇಕು. ಪಾಪ, ಎದುರಿಗಿಟ್ಟ, ಎಣ್ಣೆಯಲ್ಲಿ ಕರಿದ ಬೂರ್ಸೋಕ್ ತಿಂಡಿಯ ತಟ್ಟೆಯೂ ಅವರಿಗೆ ಮಂಜು ಮಂಜು.

ಹತ್ತಕ್ಕೆ ಸರಿಯಾಗಿ ಒತ್ತಿದೆ. ಬಿಳಿ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು.

"ಏನಾಯ್ತು ತಾಲಾಯ್?" ಎಂದರು ಅತ್ತೆ.

"ತೆರೀತಾ ಇದೆ, ಅಪಾ" ಎಂದೆ. (ಅಪಾ ಎಂದರೆ ನಮ್ಮಲ್ಲಿ ಅಮ್ಮ.)

ಚಹಾ ಆರಿತು. ಫೋನು ಕಾದು ಕೆಂಡವಾಯಿತು.

"ಈಗೇನಾಯ್ತಪ್ಪಾ?"

"ತೆರೀತಾನೇ ಇದೆ."

"ಆಸ್ಪತ್ರೆಗೆ ಬಾಗಿಲು ಈಗ ಕೂರಿಸ್ತಾ ಇದಾರೇನೋ!"

ಬೂರುಲ್ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ರೀ, ಈ ಮುದಿ ಫೋನಿಗೆ ಅಷ್ಟು ದೊಡ್ಡದನ್ನ ಯಾಕ್ರೀ ಹೇರಿದ್ರಿ?"

"ಹಿರಿಯರಿಗೆ ಮರ್ಯಾದೆ..."

"ಆ ಮರ್ಯಾದೆ ಹೊರೋಕೆ ಅದಕ್ಕೆ ಸೊಂಟ ಬೇಡ್ವಾ?"

ದೊಡ್ಡದನ್ನು ಕಿತ್ತು, ತನ್ನ ಪಾಲಿನ ಪುಟಾಣಿಯನ್ನೇ ಅದಕ್ಕೂ ಹಾಕಿದಳು. ಪುಟ ತಟ್ಟನೆ ತೆರೆಯಿತು. ಆದರೆ ಗಂಟೆ ಹತ್ತೂಮುಕ್ಕಾಲಾಗಿತ್ತು. ಹತ್ತಿರದ ದಿನಗಳೆಲ್ಲ ಭರ್ತಿಯಾಗಿ, ನಮಗೆ ಸಿಕ್ಕಿದ್ದು ಏಳು ವಾರದಾಚೆಯ ಒಂದು ಗುರುವಾರ.

ನನಗೆ ನಿಜಕ್ಕೂ ಅಳು ಬಂತು. "ತಪ್ಪಾಯ್ತು ಅಪಾ" ಎಂದೆ. ಅವರು ನನ್ನ ತಲೆ ಸವರಲು ಕೈ ಚಾಚಿದರು. ಮೊದಲ ಸಲ ಚಹಾದ ಕೆಟಲ್ ಸಿಕ್ಕಿತು, ಎರಡನೆಯ ಸಲ ತಲೆ.

"ಹೋಗ್ಲಿ ಬಿಡು. ಏಳು ವಾರ ಇಲ್ಲೇ ಇರ್ತೀನಿ. ಅಲ್ಲೀವರೆಗೂ ಪೇಪರ್ ನೀನೇ ಓದಿ ಹೇಳು."

"ಒಂದಕ್ಷರ ಬಿಡದೆ ಓದ್ತೀನಿ ಅಪಾ! ಪೇಪರ್ ಆದ್ಮೇಲೆ ಕಥೆ ಪುಸ್ತಕ, ಆಮೇಲೆ..."

ಅತ್ತೆ ಗಾಬರಿಯಿಂದ ಮಗಳ ಕಡೆ ತಿರುಗಿದರು. "ಬೂರುಲ್, ಇವನಿಗೆ ದಿನಕ್ಕೆ ಅರ್ಧ ಪುಟ ಸಾಕು ಕಣೇ. ಜಾಸ್ತಿ ಹೇರಿದ್ರೆ ಇವನೂ ಬಿಸಿಯಾಗಿ ನಿಂತುಬಿಡ್ತಾನೆ."